ಶೋಗುನ್ ಎರಡನೇ ಸೀಸನ್ ಟ್ರೈಲರ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಫ್‌ಎಕ್ಸ್ ವಾಹಿನಿಯ ‘ಶೋಗುನ್’ ಎಂಬ ಹಳೆಯ ಜಪಾನಿನ ಕಥೆಯ ಸರಣಿ 2024ರಲ್ಲಿ ಬಂದಾಗಿನಿಂದ ಅದರ ಮುಂದಿನ ಭಾಗಕ್ಕಾಗಿ ಕಾದು ಕೂತವರು ಬಹಳ. ಟ್ರೈಲರ್ ಎಂಬ ಮಾತು ಎದ್ದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಅವೇ ಪ್ರಶ್ನೆಗಳು ಸಾಲುಗಟ್ಟುತ್ತವೆ: ಇದು ಅಸಲಿಯಾ, ಅದು ಯಾವ ಯುದ್ಧ, ನಮ್ಮಲ್ಲಿ ಎಷ್ಟು ಗಂಟೆಗೆ ಬರುತ್ತೆ? ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮೊದಲ ಸೀಸನ್‌ನ ಕಥೆ ಅಲ್ಲಲ್ಲಿ ಬಯಲಾಗುತ್ತದೆ. ಇನ್ನೂ ನೋಡದವರು ಟೀಸರ್, ಸಮಯ ಮತ್ತು ಉಚ್ಚಾರದ ಪ್ರಶ್ನೆಗಳನ್ನಷ್ಟೇ ಓದಿಕೊಳ್ಳಿ.

ಎರಡನೇ ಸೀಸನ್ ಬಗ್ಗೆ ಖಚಿತವಾಗಿ ಗೊತ್ತಿರುವುದೇನು?

ಕಥೆ ಮೊದಲ ಸೀಸನ್ ಮುಗಿದ ಹತ್ತು ವರ್ಷಗಳ ನಂತರ ಶುರುವಾಗುತ್ತದೆ. ಜಪಾನಿ ದೊರೆ ತೊರನಗನಾಗಿ ಹಿರೊಯುಕಿ ಸನದ, ಇಂಗ್ಲಿಷ್ ನಾವಿಕ ಬ್ಲ್ಯಾಕ್‌ಥಾರ್ನ್ ಆಗಿ ಕಾಸ್ಮೊ ಜಾರ್ವಿಸ್ ಮರಳುತ್ತಿದ್ದಾರೆ. 2026ರ ಜನವರಿಯಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಚಿತ್ರೀಕರಣ ಶುರು ಮಾಡುವುದಾಗಿ ವಾಹಿನಿ ಪ್ರಕಟಿಸಿತ್ತು. ಸೃಷ್ಟಿಕರ್ತರು ಹಿಂದಿನವರೇ, ರೇಚಲ್ ಕೊಂಡೊ ಮತ್ತು ಜಸ್ಟಿನ್ ಮಾರ್ಕ್ಸ್.

ಇಲ್ಲಿ ಮುಖ್ಯವಾದ ಒಂದು ಮಾತಿದೆ. ಮೊದಲ ಸೀಸನ್ ಆಧರಿಸಿದ್ದು ಜೇಮ್ಸ್ ಕ್ಲಾವೆಲ್ 1975ರಲ್ಲಿ ಬರೆದ ಕಾದಂಬರಿಯನ್ನು. ಆ ಕಾದಂಬರಿ ಅಲ್ಲಿಗೇ ಮುಗಿಯಿತು. ಹಾಗಾಗಿ ಈ ಸಲ ‘ಪುಸ್ತಕ ಓದಿದವರಿಗೆ ಕಥೆ ಗೊತ್ತು’ ಎನ್ನುವ ಹಾಗಿಲ್ಲ. ಗೊತ್ತಿರುವುದು ಇತಿಹಾಸ ಮಾತ್ರ.

ಟೀಸರ್, ಟ್ರೈಲರ್, ಸ್ಪಾಟ್ ಎಲ್ಲ ಒಂದೇ ಅಲ್ಲವೇ?

ಅಲ್ಲ. ಟೀಸರ್ ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದೂವರೆ ನಿಮಿಷ. ಒಂದು ಮುಖ, ಒಂದು ಮಾತು, ಒಂದು ದಿನಾಂಕ, ಅಷ್ಟೇ. ಟ್ರೈಲರ್ ಎರಡು, ಎರಡೂವರೆ ನಿಮಿಷದ್ದು. ಯಾರು ಯಾರ ವಿರುದ್ಧ, ಪಣಕ್ಕಿಟ್ಟಿರುವುದೇನು ಎಂಬುದು ಅದರಿಂದ ತಿಳಿಯಬೇಕು. ಸ್ಪಾಟ್ ಅಂದರೆ ಟಿವಿ ಜಾಹೀರಾತಿನ ನಡುವೆ ಬರುವ 15 ಅಥವಾ 30 ಸೆಕೆಂಡಿನ ತುಣುಕು. ಅದರಲ್ಲಿ ಬಹುಪಾಲು ಟ್ರೈಲರ್‌ನಲ್ಲಿದ್ದ ಶಾಟ್‌ಗಳೇ ಇರುತ್ತವೆ, ಆದರೂ ನೋಡದೆ ಬಿಡಬೇಡಿ. ಒಂದೆರಡು ಹೊಸ ಶಾಟ್‌ಗಳನ್ನು ಅಲ್ಲಿ ಸೇರಿಸುವುದುಂಟು.

ಟ್ರೈಲರ್ ಬಂದ ಎಷ್ಟು ದಿನಕ್ಕೆ ಸರಣಿ ಬರುತ್ತದೆ?

ಮೊದಲ ಸೀಸನ್‌ನ ಟ್ರೈಲರ್ ಬಂದದ್ದು 2023ರ ನವೆಂಬರ್ 2ರಂದು. ಪ್ರಸಾರ ಶುರುವಾದದ್ದು 2024ರ ಫೆಬ್ರವರಿ 27ರಂದು, ಎರಡು ಕಂತು ಒಟ್ಟಿಗೆ. ಅಂದರೆ 117 ದಿನಗಳ ಅಂತರ. ಆದರೆ ಆ ಸೀಸನ್‌ನ ಚಿತ್ರೀಕರಣ 2021ರ ಸೆಪ್ಟೆಂಬರ್‌ನಲ್ಲೇ ಶುರುವಾಗಿತ್ತು. ಕ್ಯಾಮೆರಾ ಓಡತೊಡಗಿದ ಮೇಲೆ ಟ್ರೈಲರ್ ಬರಲು ಎರಡು ವರ್ಷಕ್ಕೂ ಹೆಚ್ಚು ಬೇಕಾಯಿತು. ಒಸಾಕಾ ಕೋಟೆ, ಬಂದರು, ಹಡಗು, ಎಲ್ಲದರಲ್ಲೂ ಕಂಪ್ಯೂಟರ್ ಕೆಲಸ ಇದೆ. ಜಪಾನಿ ಮಾತಿನ ಸಂಕಲನಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ. ಚಿತ್ರೀಕರಣ ಶುರು ಎಂಬ ಸುದ್ದಿ ಕೇಳಿದ ತಿಂಗಳೊಪ್ಪತ್ತಿನಲ್ಲಿ ಪೂರ್ಣ ಟ್ರೈಲರ್ ಸಿಕ್ಕಿತು ಎಂದು ಯಾರಾದರೂ ಕಳಿಸಿದರೆ ನಂಬುವ ಮೊದಲು ಮುಂದಿನ ಎರಡು ಉತ್ತರ ಓದಿ.

‘ಬೆಳಿಗ್ಗೆ 9, ಪಿಟಿ’ ಎಂದು ಹಾಕಿದ್ದಾರೆ. ನಮ್ಮಲ್ಲಿ ಎಷ್ಟು ಗಂಟೆ?

ಪಿಟಿ ಎಂದರೆ ಅಮೆರಿಕದ ಪಶ್ಚಿಮ ಕರಾವಳಿಯ ಸಮಯ. ಚಳಿಗಾಲದಲ್ಲಿ ಅದಕ್ಕೆ ಹದಿಮೂರೂವರೆ ಗಂಟೆ ಕೂಡಿಸಿ: ಬೆಳಿಗ್ಗೆ 9 ನಮಗೆ ಅದೇ ದಿನ ರಾತ್ರಿ 10:30. ಮಾರ್ಚ್ ತಿಂಗಳ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆಗ ಹನ್ನೆರಡೂವರೆ ಕೂಡಿಸಿದರೆ ರಾತ್ರಿ 9:30. ‘ಇಟಿ’ ಎಂದಿದ್ದರೆ ಪೂರ್ವ ಕರಾವಳಿ: ಚಳಿಗಾಲದಲ್ಲಿ ಹತ್ತೂವರೆ, ಉಳಿದಂತೆ ಒಂಬತ್ತೂವರೆ ಗಂಟೆ ಕೂಡಿಸಬೇಕು. ಅಮೆರಿಕದಲ್ಲಿ ರಾತ್ರಿ ಬಿಡುಗಡೆಯಾಗುವುದು ನಮಗೆ ಮರುದಿನ ಬೆಳಿಗ್ಗೆ. ಎಲ್ಲರೂ ತಪ್ಪುವುದು ಇಲ್ಲೇ.

ನಕಲಿ ಟ್ರೈಲರ್ ಗುರುತಿಸುವುದು ಹೇಗೆ?

ಮೊದಲು ಚಾನೆಲ್ ಹೆಸರು ನೋಡಿ. ಅಸಲಿ ಟ್ರೈಲರ್ ಎಫ್‌ಎಕ್ಸ್‌ನ ಸ್ವಂತ ಖಾತೆಯಲ್ಲಿ ಅಥವಾ ಪ್ರಸಾರ ಮಾಡುವ ಒಟಿಟಿಯ ಖಾತೆಯಲ್ಲಿ ಇರುತ್ತದೆ. ಆಮೇಲೆ ವಿಡಿಯೊ ಕೆಳಗಿನ ವಿವರಣೆಯನ್ನು ಕೊನೆಯವರೆಗೂ ಬಿಚ್ಚಿ ಓದಿ. ‘ಕಾನ್ಸೆಪ್ಟ್’, ‘ಫ್ಯಾನ್‌ಮೇಡ್’ ಎಂಬ ಪದ ಅಲ್ಲೆಲ್ಲೋ ಕೊನೆಯಲ್ಲಿ ಅವಿತಿರುತ್ತದೆ. ಮೂರನೆಯದಾಗಿ, ಮುಖಗಳನ್ನು ನೋಡಿ. ದುಭಾಷಿ ಮರಿಕೊ, ತೊರನಗನ ಸಾಮಂತ ಯಬುಶಿಗೆ ಇಬ್ಬರೂ ಮೊದಲ ಸೀಸನ್‌ನಲ್ಲೇ ತೀರಿಕೊಂಡರು. ಅವರದೇ ಶಾಟ್‌ಗಳು ತುಂಬಿದ್ದರೆ ಅದು ಹಳೆಯ ಕಂತುಗಳನ್ನು ಕತ್ತರಿಸಿ ಹೊಲಿದದ್ದು. ನೆನಪಿನ ದೃಶ್ಯವಾಗಿ ಒಂದು ಕ್ಷಣ ಬಂದರೆ ಅದು ಬೇರೆ ಮಾತು.

ಇವೆಲ್ಲಕ್ಕಿಂತ ಗಟ್ಟಿ ಪರೀಕ್ಷೆ ಕಿಮೊನೊದ ಕೊರಳಪಟ್ಟಿ. ಗಂಡಾಗಲಿ ಹೆಣ್ಣಾಗಲಿ, ಉಟ್ಟವರ ಎಡಭಾಗದ ಅಂಚು ಬಲಭಾಗದ ಮೇಲೆ ಬರಬೇಕು. ನಮ್ಮ ಕಣ್ಣಿಗೆ ಅದು ಇಂಗ್ಲಿಷಿನ ‘ವೈ’ ಅಕ್ಷರದ ಸಣ್ಣ ರೂಪದಂತೆ ಕಾಣುತ್ತದೆ. ಬಲಭಾಗವನ್ನು ಮೇಲೆ ಹಾಕುವುದು ಶವಕ್ಕೆ ಮಾತ್ರ. ಜಪಾನಿನ ಯಾವ ವಸ್ತ್ರವಿನ್ಯಾಸಕರೂ ಇಲ್ಲಿ ತಪ್ಪು ಮಾಡುವುದಿಲ್ಲ. ಕದ್ದ ವಿಡಿಯೊ ಹಾಕುವವರು ಕಾಪಿರೈಟ್ ತಪಾಸಣೆಗೆ ಸಿಗಬಾರದೆಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸುತ್ತಾರೆ. ಆಗ ಕೊರಳಪಟ್ಟಿ ಉಲ್ಟಾ ಆಗುತ್ತದೆ, ಎಡ ಸೊಂಟದಲ್ಲಿ ಇರಬೇಕಾದ ಕತ್ತಿ ಬಲಕ್ಕೆ ಬರುತ್ತದೆ. ಎಐ ತಯಾರಿಸಿದ ಚಿತ್ರದಲ್ಲಿ ಒಂದೇ ಗುಂಪಿನ ನಾಲ್ವರಲ್ಲಿ ಇಬ್ಬರದ್ದು ಸರಿ, ಇಬ್ಬರದ್ದು ತಪ್ಪು ಇರಬಹುದು. ಬಾವುಟದ ಮೇಲಿನ ವಂಶಚಿಹ್ನೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಬದಲಾಗುವುದೂ ಅಲ್ಲಿ ಸಾಮಾನ್ಯ.

ಟ್ರೈಲರ್‌ನಲ್ಲಿ ಕಾಣುವ ಘಟನೆ ಇತಿಹಾಸದಲ್ಲಿ ಯಾವುದು ಎಂದು ಹೇಗೆ ತಿಳಿಯುವುದು?

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ರುಚಿಯಾದ ಪ್ರಶ್ನೆ ಇದು. ಸರಣಿಯಲ್ಲಿ ಹೆಸರು ಬದಲಾಗಿದ್ದರೂ ಹಿಂದಿರುವವರು ನಿಜವಾದ ವ್ಯಕ್ತಿಗಳು. ತೊರನಗ ಅಂದರೆ ತೊಕುಗವ ಇಯೆಯಸು. ಬ್ಲ್ಯಾಕ್‌ಥಾರ್ನ್ ಅಂದರೆ 1600ರ ಏಪ್ರಿಲ್‌ನಲ್ಲಿ ಡಚ್ ಹಡಗು ‘ಲೀಫ್ಡೆ’ಯಲ್ಲಿ ಜಪಾನಿಗೆ ಬಂದುಬಿದ್ದ ಇಂಗ್ಲಿಷ್ ನಾವಿಕ ವಿಲಿಯಂ ಆಡಮ್ಸ್. ತೀರಿಹೋದ ದೊರೆಯ ವಾರಸುದಾರನ ತಾಯಿ ಒಚಿಬ ಎಂದರೆ ಯೊದೊ. ಅವಳ ಮಗ ಯಏಚಿಯೊ ಎಂದರೆ 1593ರಲ್ಲಿ ಹುಟ್ಟಿದ ಹಿದೆಯೊರಿ. ಮರಿಕೊಳ ಹಿಂದಿರುವವಳು ಹೊಸೊಕವ ಗ್ರಾಸಿಯ.

ಮೊದಲ ಸೀಸನ್ ನಡೆಯುವುದು 1600ರಲ್ಲಿ. ಹತ್ತು ವರ್ಷ ಕೂಡಿಸಿ. ಅಷ್ಟರಲ್ಲಿ ಇಯೆಯಸು 1603ರಲ್ಲಿ ಶೋಗುನ್, ಅಂದರೆ ನಾಡನ್ನಾಳುವ ಸೇನಾಧಿಪತಿ ಆಗಿ, 1605ರಲ್ಲಿ ಆ ಪಟ್ಟವನ್ನು ಮಗ ಹಿದೆತದನಿಗೆ ಬಿಟ್ಟುಕೊಟ್ಟು, ಸುನ್‌ಪು ಕೋಟೆಯಲ್ಲಿ ಕೂತು ನಿಜವಾದ ಅಧಿಕಾರ ನಡೆಸುತ್ತಿದ್ದಾನೆ. ಒಸಾಕಾ ಕೋಟೆಯಲ್ಲಿ ಹಿದೆಯೊರಿ ಬೆಳೆದು ನಿಂತಿದ್ದಾನೆ. ಅವನ ಹೆಂಡತಿ ಸೆನ್ ಬೇರೆ ಯಾರೂ ಅಲ್ಲ, ಇಯೆಯಸುವಿನ ಮೊಮ್ಮಗಳು. ಮೊಮ್ಮಗಳ ಗಂಡನೇ ಎದುರಾಳಿ! ಈ ಹಿನ್ನೆಲೆ ತಲೆಯಲ್ಲಿಟ್ಟುಕೊಂಡು ಈ ಗುರುತುಗಳನ್ನು ಹುಡುಕಿ.

ಬಂದರಿನಲ್ಲಿ ದೊಡ್ಡ ಪೋರ್ಚುಗೀಸ್ ಹಡಗು ಉರಿದು ಸಿಡಿದರೆ, ಅದು 1610ರ ಜನವರಿಯ ನಾಗಸಾಕಿ. ಮಕಾವ್‌ನಿಂದ ಬಂದ ಹಡಗನ್ನು ಜಪಾನಿ ಪಡೆ ದಿನಗಟ್ಟಲೆ ಮುತ್ತಿದಾಗ ಕಪ್ತಾನ ಆಂದ್ರೆ ಪೆಸೊವ ಶರಣಾಗಲಿಲ್ಲ, ಮದ್ದಿನ ಕೋಣೆಗೆ ತಾನೇ ಬೆಂಕಿ ಇಡಿಸಿದ. ‘ಹತ್ತು ವರ್ಷಗಳ ನಂತರ’ ಎಂಬ ಲೆಕ್ಕಕ್ಕೆ ಸರಿಯಾಗಿ ಕೂರುವ ಘಟನೆ ಇದು.

ಒಬ್ಬ ಯುವಕ, ಒಬ್ಬ ಮುದುಕ, ಸುತ್ತ ಉಸಿರು ಬಿಗಿಹಿಡಿದ ಸಭೆ: 1611, ಕ್ಯೋಟೊದ ನಿಜೋ ಕೋಟೆ. ಹಿದೆಯೊರಿಯನ್ನು ಇಯೆಯಸು ಮುಖಾಮುಖಿ ಭೇಟಿಯಾದದ್ದು ಅಲ್ಲಿ. ಹುಡುಗ ಎಷ್ಟು ಸಮರ್ಥನಾಗಿ ಬೆಳೆದಿದ್ದಾನೆ ಎಂಬುದು ಮುದುಕನಿಗೆ ಅಂದು ಅರಿವಾಯಿತು ಎನ್ನುತ್ತಾರೆ.

ಇಂಗ್ಲಿಷ್ ಬಾವುಟದ ಹಡಗು ಕಂಡರೆ 1613. ಈಸ್ಟ್ ಇಂಡಿಯಾ ಕಂಪನಿಯ ‘ಕ್ಲೋವ್’ ಹಡಗಿನಲ್ಲಿ ಜಾನ್ ಸ್ಯಾರಿಸ್ ಹಿರಾಡೊಗೆ ಬಂದ. ಹದಿಮೂರು ವರ್ಷ ಸ್ವಂತ ಭಾಷೆಯವರಿಗಾಗಿ ಕಾದಿದ್ದ ಆಡಮ್ಸ್‌ಗೂ ಅವನಿಗೂ ಹೊಂದಾಣಿಕೆಯಾಗಲಿಲ್ಲ. ಇವನು ಜಪಾನಿಯೇ ಆಗಿಹೋಗಿದ್ದಾನೆ ಎಂದು ತನ್ನ ನಾಡಿನವರಿಗೇ ಅನ್ನಿಸಿತು. ಊರಿಗೆ ಮರಳಲು ಅಪ್ಪಣೆ ಸಿಕ್ಕಿದರೂ ಆಡಮ್ಸ್ ಆ ಹಡಗು ಹತ್ತಲಿಲ್ಲ. ಕಾಸ್ಮೊ ಜಾರ್ವಿಸ್ ಮುಖದಲ್ಲಿ ಈ ಸಂಕಟ ನೋಡಬೇಕೆಂಬುದು ನಮ್ಮ ದೊಡ್ಡ ಆಸೆ.

ದೇವಾಲಯದ ಗಂಟೆಯ ಮೇಲಿನ ಅಕ್ಷರಗಳನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿದರೆ ಕೂಡಲೇ ನಿಲ್ಲಿಸಿ. 1614ರಲ್ಲಿ ಹಿದೆಯೊರಿ ಕ್ಯೋಟೊದ ಹೋಕೋಜಿ ದೇವಾಲಯಕ್ಕೆ ಎರಕ ಹೊಯ್ಯಿಸಿದ ಗಂಟೆ ಅದು. ಅದರಲ್ಲಿ ‘ನಾಡು ನೆಮ್ಮದಿಯಾಗಿರಲಿ’ ಎಂಬರ್ಥದ ನಾಲ್ಕು ಅಕ್ಷರಗಳಿವೆ. ಇಯೆಯಸು ಹೆಸರಿನ ಎರಡು ಅಕ್ಷರಗಳು ಅವುಗಳಲ್ಲಿ ಬರುತ್ತವೆ, ನಡುವೆ ಇನ್ನೊಂದು ಅಕ್ಷರ. ‘ನನ್ನ ಹೆಸರನ್ನು ಸೀಳಿ ಶಾಪ ಹಾಕಿದ್ದಾರೆ’ ಎಂದು ಇಯೆಯಸುವಿನ ಕಡೆಯವರು ತಕರಾರು ತೆಗೆದರು. ಯುದ್ಧಕ್ಕೆ ನೆಪ ಅದೇ ಆಯಿತು. ಆ ಗಂಟೆ ಇವತ್ತಿಗೂ ಕ್ಯೋಟೊದಲ್ಲಿ ತೂಗುತ್ತಿದೆ.

ಸೈನಿಕರು ಕೋಟೆಯ ಕಂದಕಕ್ಕೆ ಮಣ್ಣು ಸುರಿಯುತ್ತಿದ್ದರೆ, ಅದು ಒಸಾಕಾದ ಎರಡು ಮುತ್ತಿಗೆಗಳ ನಡುವಿನ ಸಮಯ. 1614ರ ಚಳಿಗಾಲದ ಮೊದಲ ಮುತ್ತಿಗೆ ಸಂಧಿಯಲ್ಲಿ ಮುಗಿಯಿತು. ಸಂಧಿಯ ನೆಪದಲ್ಲಿ ಕಂದಕಗಳನ್ನು ಮುಚ್ಚಿಸಿದರು. 1615ರ ಬೇಸಿಗೆಯಲ್ಲಿ ಬರಿದಾದ ಕೋಟೆಯ ಮೇಲೆ ಮತ್ತೆ ದಾಳಿ ನಡೆದು ಕೋಟೆ ಉರಿಯಿತು, ಯೊದೊ, ಹಿದೆಯೊರಿ ತಾಯಿ ಮಗ ಇಬ್ಬರೂ ಸತ್ತರು. ಸೆನ್ ಉಳಿದು ಹೊರಬಂದಳು.

ಒಂದು ಎಚ್ಚರಿಕೆ: ಸರಣಿ ಇತಿಹಾಸದ ಪಾಠವಲ್ಲ. ವರ್ಷಗಳನ್ನು ಹಿಂದುಮುಂದು ಮಾಡುವ ಹಕ್ಕು ಅವರಿಗಿದೆ. ಗುರುತು ಸಿಕ್ಕಿತೆಂದು ಕಥೆಯೇ ಗೊತ್ತಾಯಿತು ಎಂದುಕೊಳ್ಳಬೇಡಿ.

ಒಂದೊಂದೇ ಫ್ರೇಮ್ ನೋಡುವುದು ಹೇಗೆ?

ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ತೆರೆದು ಗುಣಮಟ್ಟವನ್ನು ಕೈಯಾರೆ 1080ಪಿ ಅಥವಾ ಅದಕ್ಕಿಂತ ಮೇಲಕ್ಕೆ ಇಡಿ. ‘ಆಟೊ’ದಲ್ಲಿ ಬಿಟ್ಟರೆ ಮೊದಲ ಕೆಲವು ಸೆಕೆಂಡು ಮಸುಕಾಗಿ ಹೋಗುತ್ತವೆ. ಈ ಸರಣಿಯಲ್ಲಿ ದೀಪದ ಬೆಳಕಿನ, ಮಂಜಿನ ದೃಶ್ಯಗಳೇ ಹೆಚ್ಚು. ಕಡಿಮೆ ಗುಣಮಟ್ಟದಲ್ಲಿ ಕತ್ತಲೆಯೆಲ್ಲ ಚೌಕಚೌಕವಾಗಿ ಒಡೆಯುತ್ತದೆ, ಬಟ್ಟೆಯ ನೇಯ್ಗೆ ಕಾಣುವುದೇ ಇಲ್ಲ. ‘ಕೆ’ ಕೀಲಿ ಒತ್ತಿ ನಿಲ್ಲಿಸಿ. ಅಲ್ಪವಿರಾಮದ ಕೀಲಿ ಒಂದು ಫ್ರೇಮ್ ಹಿಂದಕ್ಕೆ, ಪೂರ್ಣವಿರಾಮದ ಕೀಲಿ ಒಂದು ಫ್ರೇಮ್ ಮುಂದಕ್ಕೆ ಒಯ್ಯುತ್ತದೆ. ‘ಜೆ’, ‘ಎಲ್’ ಒತ್ತಿದರೆ 10 ಸೆಕೆಂಡು ಹಿಂದೆ, ಮುಂದೆ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಎರಡೂವರೆ ನಿಮಿಷಕ್ಕೆ 3,600 ಫ್ರೇಮ್ ಆಗುತ್ತವೆ. ಎಲ್ಲವನ್ನೂ ನೋಡುವ ಅಗತ್ಯವಿಲ್ಲ, ಒಂದು ಸೆಕೆಂಡಿಗಿಂತ ಚಿಕ್ಕ ಶಾಟ್‌ಗಳಿಗಷ್ಟೇ ಇದನ್ನು ಬಳಸಿ. ಫೋನಿನಲ್ಲಾದರೆ ವೇಗವನ್ನು 0.25ಕ್ಕೆ ಇಳಿಸಿ.

ಮೊದಲ ಸಲ ಮಾತ್ರ ಹೀಗೆ ನೋಡಬೇಡಿ. ಇಯರ್‌ಫೋನ್ ಹಾಕಿಕೊಂಡು ಒಮ್ಮೆ ಪೂರ್ತಿ ನೋಡಿ, ಬಿಡಿಸುವುದು ಆಮೇಲೆ.

ನಿಲ್ಲಿಸಿದ ಫ್ರೇಮ್‌ನಲ್ಲಿ ಏನು ನೋಡಬೇಕು?

ಮಂಡಿ ನೋಡಿ. ಮೊದಲ ಸೀಸನ್‌ನಲ್ಲಿ ಹೆಂಗಸರು ಒಂದು ಮಂಡಿ ಮಡಿಸಿ, ಇನ್ನೊಂದನ್ನು ಮೇಲೆತ್ತಿ ಕೂರುತ್ತಾರೆ. ಎರಡೂ ಕಾಲು ಮಡಿಸಿ ಹಿಮ್ಮಡಿಯ ಮೇಲೆ ಕೂರುವ ಕ್ರಮ ಎಲ್ಲೆಡೆ ರೂಢಿಯಾದದ್ದು ನಂತರದ ಕಾಲದಲ್ಲಿ. ಇಂಥ ಸಣ್ಣ ವಿಷಯಕ್ಕೂ ಅವರು ತಲೆ ಕೆಡಿಸಿಕೊಂಡಿದ್ದರು. ಇನ್ನೊಂದು ಕಡೆ ಬೇಕೆಂದೇ ಬಿಟ್ಟುಕೊಟ್ಟದ್ದೂ ಇದೆ: ಆ ಕಾಲದ ಕುಲೀನ ವಿವಾಹಿತೆಯರು ಹಲ್ಲಿಗೆ ಕಪ್ಪು ಬಳಿದುಕೊಳ್ಳುತ್ತಿದ್ದರು, ಮರಿಕೊಳ ಹಲ್ಲು ಬೆಳ್ಳಗಿತ್ತು. ಈಗಿನ ನೋಡುಗರ ಗಮನ ಅವಳ ಮಾತಿನಿಂದ ಹಲ್ಲಿನ ಕಡೆಗೆ ಹೋಗಬಾರದಲ್ಲ. ಅದು ಸರಿಯಾದ ನಿರ್ಧಾರ.

ಆಮೇಲೆ ಬ್ಲ್ಯಾಕ್‌ಥಾರ್ನ್ ಸೊಂಟ. ಆಡಮ್ಸ್‌ಗೆ ಇಯೆಯಸು ಎರಡು ಕತ್ತಿ ಧರಿಸುವ ಅಧಿಕಾರ, ಈಗಿನ ಯೊಕೊಸುಕಾದ ಹೆಮಿಯಲ್ಲಿ ಜಹಗೀರು ಕೊಟ್ಟಿದ್ದ. ಅವನು ಕತ್ತಿಯನ್ನು ಎಷ್ಟು ಸಲೀಸಾಗಿ ಧರಿಸಿದ್ದಾನೆ ಎಂಬುದೇ ಹತ್ತು ವರ್ಷದ ಕಥೆ ಹೇಳುತ್ತದೆ.

ಟ್ರೈಲರ್‌ನಲ್ಲಿದ್ದ ಮಾತು, ದೃಶ್ಯ ಕಂತಿನಲ್ಲಿ ಯಾಕೆ ಇರುವುದಿಲ್ಲ?

ಟ್ರೈಲರ್ ಕತ್ತರಿಸುವುದು ಸಾಮಾನ್ಯವಾಗಿ ಬೇರೆ ಸಂಸ್ಥೆ. ಅವರ ಕೈಗೆ ಬರುವುದು ಅಂತಿಮವಾಗದ ಕಂತುಗಳು. ಅವರು ಒಬ್ಬನ ಮಾತನ್ನು ಇನ್ನೊಂದು ದೃಶ್ಯದ ಮೇಲೆ ಹರಿಸುತ್ತಾರೆ, ಎರಡು ಕಂತಿನ ಎರಡು ವಾಕ್ಯ ಜೋಡಿಸಿ ಒಂದು ಮಾಡುತ್ತಾರೆ. ಸಂಗೀತವೂ ಹಲವು ಸಲ ಸರಣಿಯದ್ದಾಗಿರುವುದಿಲ್ಲ. ಹಾಗಾಗಿ ಇಬ್ಬರು ಮಾತಾಡುವಂತೆ ಕಂಡರೆ ಅವರಿಬ್ಬರೂ ಒಂದೇ ಚೌಕಟ್ಟಿನಲ್ಲಿ ಇದ್ದಾರೆಯೇ ನೋಡಿ. ಇಲ್ಲದಿದ್ದರೆ ಅವರು ಪರಸ್ಪರ ಮಾತಾಡುತ್ತಿದ್ದಾರೆ ಎನ್ನಲು ಆಧಾರವಿಲ್ಲ.

ಮೊದಲ ಸೀಸನ್‌ನಲ್ಲಿ ಮಹಾಯುದ್ಧಕ್ಕಾಗಿ ಕಾದವರಿಗೆ ಅದು ಸಿಗಲಿಲ್ಲ. ತೊರನಗನಿಗೆ ಅಧಿಕಾರ ತಂದುಕೊಡುವ ಸೆಕಿಗಹಾರ ಕದನ ಅವನ ಮಾತಿನಲ್ಲಿ ಬಂದುಹೋಯಿತು, ಅಷ್ಟೇ. ಕಾದಂಬರಿಯೂ ಹಾಗೇ ಇತ್ತು. ಈ ಸಲವೂ ಸೈನ್ಯ ಕಂಡ ತಕ್ಷಣ ಯುದ್ಧವನ್ನು ಎಣಿಸಬೇಡಿ.

ಜಪಾನಿ ಅರ್ಥವಾಗುವುದಿಲ್ಲ. ಇಂಗ್ಲಿಷ್ ಡಬ್ ನೋಡಬಹುದೇ?

ನೋಡಬಹುದು, ಆದರೆ ನಷ್ಟ ದೊಡ್ಡದು. ಮೊದಲ ಸೀಸನ್‌ನ ಮಾತಿನಲ್ಲಿ ಸುಮಾರು ಶೇ 70 ಜಪಾನಿ. ಇಂಗ್ಲಿಷ್‌ನಲ್ಲಿ ಬರೆದದ್ದನ್ನು ಜಪಾನಿಗೆ ಅನುವಾದಿಸಿ, ಆಮೇಲೆ ನಾಟಕಕಾರ್ತಿ ಕ್ಯೋಕೊ ಮೊರಿವಾಕಿ ಅದನ್ನು ಹಳೆಯ ಕಾಲದ ಮಾತಿನ ಧಾಟಿಗೆ ತಂದರು. ಆ ಮಾತಿನಿಂದ ಸಬ್‌ಟೈಟಲ್ ಮಾಡಿದರು. ಮರಿಕೊ ದುಭಾಷಿಯಾಗಿ ಒಬ್ಬನ ಒರಟು ಮಾತನ್ನು ಇನ್ನೊಬ್ಬನಿಗೆ ನಯಗೊಳಿಸಿ ದಾಟಿಸುತ್ತಾಳಲ್ಲ, ಡಬ್‌ನಲ್ಲಿ ಇಬ್ಬರೂ ಒಂದೇ ಭಾಷೆ ಆಡುವುದರಿಂದ ಆ ಸೊಗಸೇ ಹೋಗುತ್ತದೆ. 1980ರ ಹಳೆಯ ಕಿರುಸರಣಿಯಲ್ಲಿ ಜಪಾನಿ ಮಾತಿಗೆ ಹೆಚ್ಚಿನ ಕಡೆ ಸಬ್‌ಟೈಟಲ್ಲೇ ಇರಲಿಲ್ಲ. ನೋಡುಗರೂ ನಾಯಕನಂತೆ ಅರ್ಥವಾಗದೆ ಒದ್ದಾಡಲಿ ಎಂಬುದು ಅಲ್ಲಿನ ಉದ್ದೇಶ.

ಶೋಗನ್ನೋ ಶೋಗುನ್ನೋ?

ಶೋಗುನ್. ಈ ವಿಷಯದಲ್ಲಿ ಇಂಗ್ಲಿಷಿಗಿಂತ ಕನ್ನಡ ಲಿಪಿಯೇ ಅನುಕೂಲ, ಏಕೆಂದರೆ ನಮ್ಮಲ್ಲಿ ಒ, ಓ ಬೇರೆ ಬೇರೆ ಇವೆ, ಜಪಾನಿಯಲ್ಲೂ ಹಾಗೇ. ಶೋಗುನ್‌ಗೆ ದೀರ್ಘ, ಮರಿಕೊಗೆ ಹ್ರಸ್ವ. ತೊರನಗ ಎಂಬುದರಲ್ಲಿ ಎಲ್ಲವೂ ಹ್ರಸ್ವ, ‘ನಾಗ’ ಅಲ್ಲ. ಊರುಗಳನ್ನು ಮಾತ್ರ ನಮ್ಮ ಪತ್ರಿಕೆಗಳಲ್ಲಿ ಬರುವಂತೆಯೇ ಬರೆದಿದ್ದೇವೆ. ಬ್ಲ್ಯಾಕ್‌ಥಾರ್ನ್‌ನನ್ನು ಕರೆಯುವ ‘ಅಂಜಿನ್’ ಹೆಸರಲ್ಲ, ಹಡಗಿಗೆ ದಾರಿ ತೋರುವವ ಎಂಬ ಕಸುಬಿನ ಪದ. ಅದರ ಮುಂದೆ ‘ಸಮ’ ಸೇರಿದರೆ ಗೌರವ, ನಾವು ‘ಅವರು’ ಎಂದು ಸೇರಿಸಿದ ಹಾಗೆ.

ಈ ಕಥೆಗೂ ನಮ್ಮ ಕಡೆಗೂ ಸಂಬಂಧ ಇದೆಯೇ?

ಇದೆ. ಮಕಾವ್, ನಾಗಸಾಕಿ ನಡುವೆ ನಡೆಯುತ್ತಿದ್ದ ಪೋರ್ಚುಗೀಸ್ ವ್ಯಾಪಾರದ ಬೇರು ಗೋವಾದಲ್ಲಿತ್ತು. ಯುರೋಪಿಗೆ ಹೊರಟ ಜಪಾನಿ ಕ್ರೈಸ್ತ ಹುಡುಗರ ನಿಯೋಗ 1580ರ ದಶಕದಲ್ಲಿ ಗೋವಾದಲ್ಲಿ ತಂಗಿತ್ತು. ಹಿರಾಡೊಗೆ ಹಡಗು ಕಳಿಸಿದ್ದು 1799ರಲ್ಲಿ ಶ್ರೀರಂಗಪಟ್ಟಣವನ್ನು ಕೆಡವಿದ ಅದೇ ಈಸ್ಟ್ ಇಂಡಿಯಾ ಕಂಪನಿ. ಕಾಲದ ಅಂದಾಜಿಗೆ: ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದು ದಸರಾ ಶುರು ಮಾಡಿದ 1610ರಲ್ಲೇ ಅತ್ತ ನಾಗಸಾಕಿಯಲ್ಲಿ ಆ ಹಡಗು ಸಿಡಿದದ್ದು.

ಮಕ್ಕಳ ಜೊತೆ ನೋಡಬಹುದೇ?

ಟ್ರೈಲರ್ ಪರವಾಗಿಲ್ಲ. ಸರಣಿ ಬೇಡ. ಮೊದಲ ಕಂತಿನಲ್ಲೇ ಒಬ್ಬನನ್ನು ಜೀವಂತ ಬೇಯಿಸುತ್ತಾರೆ.

ಒಂದೇ ದಿನದಲ್ಲಿ ಕೋಟಿ ವ್ಯೂಸ್ ಬಂದರೆ ಸರಣಿ ಚೆನ್ನಾಗಿದೆ ಎಂದರ್ಥವೇ?

ಅಲ್ಲ. ಬೇರೆ ವಿಡಿಯೊ ಮುಂದೆ ಜಾಹೀರಾತಾಗಿ ಓಡಿದ ಟ್ರೈಲರ್ ಅನ್ನು 30 ಸೆಕೆಂಡು ಸ್ಕಿಪ್ ಮಾಡದೆ ನೋಡಿದರೂ ಒಂದು ವ್ಯೂ ಸೇರುತ್ತದೆ. ಜನರ ಉತ್ಸಾಹ ನಿಜವೇ ಎಂದು ತಿಳಿಯಲು ಕಾಮೆಂಟುಗಳನ್ನು ಓದಿ: ಪಾತ್ರದ ಹೆಸರು ಹಿಡಿದು, ದೃಶ್ಯ ಹಿಡಿದು ಮಾತಾಡುತ್ತಿದ್ದರೆ ಅದು ನಿಜವಾದ ಕಾಯುವಿಕೆ. ಮೊದಲ ಸೀಸನ್ 18 ಎಮ್ಮಿ ಪ್ರಶಸ್ತಿ ಗೆದ್ದು ಒಂದು ಸೀಸನ್‌ನ ದಾಖಲೆ ಬರೆದದ್ದು ಅಂಥ ನೋಡುಗರ ಕಣ್ಣೆದುರು.

ಹತ್ತೂ ಕಂತು ಮತ್ತೆ ನೋಡಲು ಸಮಯವಿಲ್ಲ. ಯಾವುದನ್ನು ನೋಡಲಿ?

ಒಟ್ಟು ಹೆಚ್ಚುಕಡಿಮೆ ಹತ್ತು ಗಂಟೆ. ಆಗದಿದ್ದರೆ 1, 6, 9, 10 ನೋಡಿ. ಆರನೆಯದರಲ್ಲಿ ಒಚಿಬ ಮತ್ತು ಮರಿಕೊ ಬಾಲ್ಯದ ನಂಟು ಇದೆ. ಒಚಿಬಳ ಮುಂದಿನ ನಡೆ ಅರ್ಥವಾಗಲು ಅದು ಬೇಕೇ ಬೇಕು. ಹತ್ತನೆಯದರಲ್ಲಿ ಬ್ಲ್ಯಾಕ್‌ಥಾರ್ನ್‌ನ ಹಡಗನ್ನು ಮುಳುಗಿಸಿದ್ದು ತಾನೇ ಎಂದು ತೊರನಗ ಒಪ್ಪಿಕೊಳ್ಳುತ್ತಾನೆ. ಕೊನೆಗೆ ಊರಿನವರೆಲ್ಲ ಸೇರಿ ಹಗ್ಗ ಹಿಡಿದು ಅದನ್ನು ನೀರಿನಿಂದ ಎಳೆಯುತ್ತಾರೆ. ಆ ದೃಶ್ಯದ ಮೇಲೆ ಕಣ್ಣಿಡಿ. ಆಡಮ್ಸ್ ನಿಜಕ್ಕೂ ಇಯೆಯಸುಗಾಗಿ ಇಜುವಿನ ಇತೋ ಎಂಬಲ್ಲಿ ಎರಡು ಹಡಗು ಕಟ್ಟಿದ, ಮೊದಲನೆಯದು 80 ಟನ್, ಎರಡನೆಯದು 120. ಎರಡನೆಯದು 1610ರಲ್ಲಿ ಪೆಸಿಫಿಕ್ ದಾಟಿ ಮೆಕ್ಸಿಕೊ ಮುಟ್ಟಿತು.